ಬೀರುವಿನಲ್ಲಿ ಬೀಗ ಹಾಕಿಟ್ಟ ತಮ್ಮ

"ಚರಂಡಿಗೆ ಹೋಗುವ ದಾರಿ ಯಾವುದಪ್ಪಾ?" ಊರೂರು ಸುತ್ತಿದ್ದ ಹೆಣ್ಣಿಲಿಯೊಂದು ದಾರಿ ತಪ್ಪಿ ಒಂದು ಮನೆಯ ಮರಗೆಲಸದ ಶೆಡ್ಡಿಗೆ ಹೊಕ್ಕು, ಗೋಡೆಯ ಮೇಲಿದ್ದ ಹಲ್ಲಿಯನ್ನು ಕೇಳಿತು.

"ಹಿಂಬಾಗಿಲ ಸಂದಿಯಲ್ಲಿ ನುಸುಳಿದರಾಯಿತು. ಆದರೆ ಇಷ್ಟು ಭದ್ರವಾದ ಜಾಗ ಬಿಟ್ಟು ಯಾಕೆ ಹೋಗುತ್ತೀಯಕ್ಕಾ? ನಾನಿರುವುದು ಬೆಂಕಿ ಆರಿಸುವ ಸಿಲಿಂಡರಣ್ಣನ ಬೆನ್ನ ಹಿಂದೆ. ಆಯುಧಪೂಜೆಗೆ ಯಜಮಾನರೇ ಇವರಿಗೆ ಕುಂಕುಮ ಇಟ್ಟಿದ್ದಾರೆ," ಎಂದು ಹಲ್ಲಿ ತನ್ನ ಮಾತಿಗೆ ತಾನೇ ಲೊಚಗುಟ್ಟಿತು.

ಕೆಳಗೆ ಸ್ವಿಚ್‌ಬೋರ್ಡು ಹೊಗೆಯಾಡುತ್ತಿತ್ತು. ಇಲಿ ಸಿಲಿಂಡರನ್ನು ಕೇಳಿತು: "ಸ್ವಾಮಿ, ತಮ್ಮ ಹೊಟ್ಟೆಯಲ್ಲಿ ಏನಿದೆ?"

"ನೀರು. ಮರ ಹೊತ್ತಿಕೊಂಡರೆ ಆರಿಸುತ್ತೇನೆ. ಕರೆಂಟಿನ ಬೆಂಕಿಗೆ ನನ್ನನ್ನು ಎತ್ತಿದವನೇ ಮೊದಲು ಸಾಯುತ್ತಾನೆ."

"ಅದಕ್ಕೆ ಯಾರಿದ್ದಾರೆ?"

"ಪುಡಿ ತುಂಬಿದ ನನ್ನ ತಮ್ಮನಿದ್ದಾನೆ. ದುಬಾರಿಯವನು, ಹಾಳಾದಾನೆಂದು ಮನೆಯೊಳಗೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಕೀಲಿ ಯಜಮಾನಿಯ ಸೊಂಟದಲ್ಲಿ, ಯಜಮಾನಿ ಮದುವೆಮನೆಯಲ್ಲಿ."

"ಕೇಳಿದೆಯಾ? ನಮಗೆ ಇಬ್ಬಿಬ್ಬರು ಕಾವಲು!" ಎಂದಿತು ಹಲ್ಲಿ.

ಬೋರ್ಡಿನಿಂದ ಕಿಡಿ ಹಾರಿ ವಾರ್ನಿಷ್ ಒರೆಸಿದ ಬಟ್ಟೆಯ ಮೇಲೆ ಬಿತ್ತು. ಉರಿ ಗೋಡೆಗೇರಿತು. ಹಲ್ಲಿ ಸಿಲಿಂಡರಿನ ಬೆನ್ನಿಗೆ ಇನ್ನಷ್ಟು ಒತ್ತಿಕೊಂಡಿತು. ಬಾಗಿಲ ಸಂದಿ ತಲುಪಿದ್ದ ಇಲಿ ಬೈದುಕೊಳ್ಳುತ್ತ ವಾಪಸು ಓಡಿ, ಗೋಡೆ ಹತ್ತಿ, ಹಲ್ಲಿಯ ಕತ್ತು ಕಚ್ಚಿ ಹಿಡಿದು ಹೊರಗೆಳೆದು ಹಾಕಿತು.

"ನನ್ನ ಮನೆ ಬಿಡಿಸಿದೆಯಲ್ಲೇ, ಹಾಳು ಮೂತಿಯವಳೇ! ಅಣ್ಣ ಇನ್ನೇನು ಆರಿಸುತ್ತಿದ್ದರು," ಎಂದು ಹಲ್ಲಿ ಕಿರುಚಿತು.

ಹಿಂದೆ ಶೆಡ್ಡಿನ ಚಾವಣಿ ಕುಸಿಯಿತು.

"ನೀನು ದಾರಿ ಹೇಳಿದೆ, ನಾನು ಜೀವ ಉಳಿಸಿದೆ. ಋಣ ತೀರಿತು," ಎಂದು ಮೀಸೆ ಸುಟ್ಟುಕೊಂಡ ಇಲಿ ಚರಂಡಿಗೆ ಇಳಿಯಿತು.