ಎತ್ತಿದ ಸೌಟು

ಹೊಳೆಯ ದಂಡೆಯ ಆಶ್ರಮವೊಂದರಲ್ಲಿ ಚೆನ್ನಾಜಮ್ಮ ಎಂಬ ಶಿಷ್ಯೆ ಅಡುಗೆ ನೋಡಿಕೊಳ್ಳುತ್ತಿದ್ದಳು. ಅವಳು ಬಡಿಸಲು ನಿಂತರೆ ಯಾರೂ ಅರೆಹೊಟ್ಟೆಯಲ್ಲಿ ಏಳುವಂತಿರಲಿಲ್ಲ. ಬೇಡವೆಂದವರಿಗೆ ಒಂದು ಸೌಟು ಹೆಚ್ಚೇ ಬೀಳುತ್ತಿತ್ತು.

ಆದರೆ ಹೊರದೇಶದಿಂದ ಬಂದ ಹ್ಯಾನಾ ಎಂಬಾಕೆ ಮೂರು ದಿನದಿಂದ ತಟ್ಟೆಯನ್ನು ಮುಟ್ಟದೆ ಏಳುತ್ತಿದ್ದಳು. ನಾಳೆ ಅವಳು ಹೊರಡುವವಳು.

ಚೆನ್ನಾಜಮ್ಮನಿಗೆ ಸಂಕಟ. ಹಿಂದೆ ಇಂಗ್ಲಿಷ್ ಮೇಷ್ಟ್ರಾಗಿದ್ದ ಗುರುಗಳ ಬಳಿ ಹೋದಳು.

“ಅವರ ಮಾತಲ್ಲಿ ‘ಅಲ್ವಾ’ ಅನ್ನೋದು ಹೇಗೆ ಗುರುಗಳೇ? ಅದಿಲ್ಲದೆ ನನಗೆ ಉಪಚಾರ ಮಾಡೋಕೇ ಬರಲ್ಲ.”

ಗುರುಗಳು ನಕ್ಕರು. “ನಮಗೆ ಎಲ್ಲದಕ್ಕೂ ಒಂದೇ ‘ಅಲ್ವಾ’ ಸಾಕು. ಅಲ್ಲಿ ಮಾತಿಗೆ ತಕ್ಕ ಬಾಲ. ‘ಯು ಲೈಕ್ ರೈಸ್’ ಅಂದರೆ ‘ಡೋಂಟ್ ಯು?’ ‘ಯು ಆರ್ ಹಂಗ್ರಿ’ ಅಂದರೆ ‘ಆರಂಟ್ ಯು?’ ಮಾತಲ್ಲಿ ಹೌದು ಇದ್ದರೆ ಬಾಲದಲ್ಲಿ ಇಲ್ಲ.”

“ಮಾತಲ್ಲಿ ಇಲ್ಲ ಇದ್ದರೆ?”

“ಬಾಲದಲ್ಲಿ ಹೌದು. ‘ಯು ಆರ್ ನಾಟ್ ಹಂಗ್ರಿ, ಆರ್ ಯು?’ ಹಸಿವಿಲ್ಲ ಅಲ್ವಾ, ಅಂತ.”

“ಹಸಿವಿಲ್ಲ ಅಂತ ನಾನ್ಯಾಕೆ ಕೇಳಲಿ!” ಎಂದು ಅವಳು ಎದ್ದಳು. ಸೊಪ್ಪು ಸೋಸುತ್ತಾ ಮೊದಲೆರಡನ್ನು ಬಾಯಿಪಾಠ ಮಾಡಿದಳು.

ಮಧ್ಯಾಹ್ನ ಎರಡನ್ನೂ ತಪ್ಪಿಲ್ಲದೆ ಕೇಳಿದಳು. ಎರಡಕ್ಕೂ ಹ್ಯಾನಾ “ಯೆಸ್” ಎಂದಳು. ತಟ್ಟೆ ಮಾತ್ರ ಹಾಗೇ ಉಳಿಯಿತು.

“ಬಾಲ ಸರಿಯಾಗೇ ಹಚ್ಚಿದೆ ಗುರುಗಳೇ. ಯೆಸ್ ಅಂದರು, ಉಣ್ಣಲಿಲ್ಲ. ಎಲ್ಲಿ ತಪ್ಪಿದೆ?”

“ನಿನ್ನ ಊಟ ಆಯ್ತಾ?”

“ಇಲ್ಲ.”

“ಕೂತ್ಕೊ.” ಗುರುಗಳು ಸೌಟನ್ನು ತಾವೇ ಕೈಗೆತ್ತಿಕೊಂಡರು.

“ಅನ್ನ ಬೇಕಲ್ವಾ?” ಅವಳು ಬಾಯಿ ತೆರೆಯುವಷ್ಟರಲ್ಲಿ ಅನ್ನ ಬಿದ್ದಿತ್ತು. “ಸಾರು ಬೇಕಲ್ವಾ?” ಸಾರೂ ಬಿತ್ತು. “ಇನ್ನೊಂಚೂರು ಅನ್ನ ಬೇಕಲ್ವಾ?”

ಚೆನ್ನಾಜಮ್ಮ ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದಳು. “ಕೇಳಿದ ಮೇಲೆ ನಾನೇನು ಹೇಳ್ತೀನಿ ಅಂತ ನೋಡಬೇಕಲ್ವಾ ಗುರುಗಳೇ!”

ಗುರುಗಳು ಸೌಟನ್ನು ಎತ್ತಿದಲ್ಲೇ ಹಿಡಿದು ನಿಂತರು.

ಅವಳು ಆ ಸೌಟನ್ನು ನೋಡಿದಳು. ಮೂವತ್ತು ವರ್ಷದಿಂದ ತಾನು ಬಡಿಸುತ್ತಿದ್ದುದೂ ಹೀಗೆಯೇ. ಅವಳಿಗೆ ನಾಚಿಕೆಯಾಯಿತು.

ಸಂಜೆಯ ಊಟಕ್ಕೆ ಹ್ಯಾನಾಳ ಮುಂದೆ ಸೌಟೆತ್ತಿ ನಿಂತು, ತಾನು ಬಿಟ್ಟಿದ್ದ ಮೂರನೆಯದನ್ನು ಕೇಳಿದಳು. “ಯು ಆರ್ ನಾಟ್ ಹಂಗ್ರಿ, ಆರ್ ಯು?”

ಕೇಳಿ ಕಾದಳು. ಸೌಟಿನ ಸಾರು ಆರಿತು. ಕೈ ನೋಯತೊಡಗಿತು.

ಹ್ಯಾನಾ ಮೊದಲ ಬಾರಿ ತಲೆಯೆತ್ತಿ ನೋಡಿದಳು. “ನೋ, ಐ ಆಮ್ ನಾಟ್,” ಎಂದಳು. ಆಮೇಲೆ ತುಂಬ ಹೊತ್ತು ಮಾತಾಡಿದಳು.

ಚೆನ್ನಾಜಮ್ಮ ಗುರುಗಳ ಬಳಿ ಬಂದಾಗ ಅವಳ ಕಣ್ಣು ತುಂಬಿತ್ತು.

“ಅರ್ಧ ಮಾತು ತಿಳೀಲಿಲ್ಲ ಗುರುಗಳೇ. ‘ಮದರ್’ ಅಂತ ಅತ್ತರು. ತಾಯಿ ಹೋಗಿಬಿಟ್ಟಿದ್ದಾರೆ, ಪಾಪ. ಆಮೇಲೆ ‘ಲಿಟಲ್’ ಅಂದರು. ಒಂದು ಲೋಟ ಗಂಜಿ ಮಾಡಿಕೊಟ್ಟೆ. ಪೂರ್ತಿ ಕುಡಿದರು.”

ಕಣ್ಣೊರೆಸಿಕೊಂಡು ಕೇಳಿದಳು. “ಈಗ ನನಗೆ ಇಂಗ್ಲಿಷ್ ಬಂತು, ಅಲ್ವಾ?”

ಕೇಳಿ, ಉತ್ತರಕ್ಕೆ ಕಾದಳು.

“ಇಂಗ್ಲಿಷ್ ಹಾಗಿರಲಿ,” ಎಂದರು ಗುರುಗಳು. “ಕನ್ನಡ ಬಂತು.”