ಐದನೆಯ ಸುತ್ತಿನ ಹೊಡೆತ

"ಗುರುಗಳೇ, ಗೆದ್ದವನು ತನ್ನ ಗೆಲುವನ್ನು ಕೊನೆಯತನಕ ಉಳಿಸಿಕೊಳ್ಳುವುದು ಹೇಗೆ?" ಎಂದು ಶಿಷ್ಯ ನಿರ್ವಾಣಯ್ಯ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಾಕ್ಸರ್ ಇದ್ದ. ಹದಿನಾಲ್ಕು ವರ್ಷ ಕಾದಾಡಿದ, ಒಮ್ಮೆಯೂ ಸೋಲಲಿಲ್ಲ. ಏಟು ತಿಂದು ತಿಂದು ಎಡಗಣ್ಣು ಮಂಜಾಗುತ್ತ ಬಂದು, ಕಡೆಗೆ ಕಾಣದೇ ಹೋಯಿತು. ಅದನ್ನು ಯಾರಿಗೂ ಹೇಳದೆ ಇನ್ನೊಂದು ಪಂದ್ಯಕ್ಕೆ ಇಳಿದ. ಎದುರಾಳಿ ವಯಸ್ಸಿನಲ್ಲಿ ಚಿಕ್ಕವನು, ಗಟ್ಟಿಗ. ನಾಲ್ಕು ಸುತ್ತು ಸಮಸಮ. ಐದನೆಯ ಸುತ್ತಿನಲ್ಲಿ ಅವನು ಬಾಕ್ಸರ್‌ನ ಎಡಬದಿಗೆ ನುಗ್ಗಿ ಬಲಗೈ ಬೀಸಿದ. ಬಾಕ್ಸರ್ ಮುಖ ತಿರುಗಿಸುವಷ್ಟರಲ್ಲಿ ಮುಷ್ಟಿ ಗೇಣು ದೂರದಲ್ಲಿತ್ತು. ಅದು ಅಲ್ಲೇ ನಿಂತಿತು! ಬಾಕ್ಸರ್ ತಡಮಾಡಲಿಲ್ಲ, ಒಂದೇ ಏಟಿಗೆ ಅವನನ್ನು ಕೆಡವಿದ. ಜನ ಎದ್ದು ನಿಂತು ಕೂಗಿದರು.

ಆ ಗೆಲುವಿನೊಂದಿಗೆ ಅವನು ಆಟ ಬಿಟ್ಟು, ಊರಿಗೆ ಬಂದು ಹಿಟ್ಟಿನ ಗಿರಣಿ ಹಾಕಿದ. ರಾಗಿ ಬೀಸಿಸಲು ಬಂದವರೆಲ್ಲ ಆ ಪಂದ್ಯದ ಸುದ್ದಿ ಕೇಳುವರು. ಅವನಿಗೂ ಹೇಳಿದಷ್ಟೂ ಹುಮ್ಮಸ್ಸು. "ನನ್ನ ಮುಖ ನೋಡಿದ್ದೇ ತಡ, ಹೇಡಿಯ ಕೈ ಮರಗಟ್ಟಿತು!" ಎನ್ನುವನು. ಜನ ಚಪ್ಪಾಳೆ ತಟ್ಟುವರು.

ಹೀಗೆ ಹತ್ತು ವರ್ಷ ಕಳೆಯಿತು. ಒಂದು ದಿನ ಇದನ್ನೇ ಹೇಳುತ್ತಿರುವಾಗ ಗುಂಪಿನ ಹಿಂದೆ ನಿಂತವನೊಬ್ಬ ಕಣ್ಣಿಗೆ ಬಿದ್ದ. ಅದೇ ಎದುರಾಳಿ; ನೆಂಟರ ಮನೆಗೆ ಬಂದವನು ಹುಡುಕಿಕೊಂಡು ಬಂದಿದ್ದ. ಬಾಕ್ಸರ್ ಕತೆಯನ್ನು ಅರ್ಧಕ್ಕೇ ಬಿಟ್ಟ. ಬಳಿಗೆ ಹೋಗಿ ಮೆಲ್ಲಗೆ ಕೇಳಿದ:

"ಅವತ್ತು ಯಾಕಪ್ಪ ಕೈ ತಡೆದೆ?"

"ಏಟು ಅಷ್ಟು ಹತ್ತಿರ ಬಂದರೂ ನಿಮ್ಮ ಎಡಗಣ್ಣು ಮಿಟುಕಲಿಲ್ಲ. ನಿಮಗೆ ಆ ಕಣ್ಣು ಕಾಣುತ್ತಿರಲಿಲ್ಲವಲ್ಲ, ಅಣ್ಣ."

ಗಿರಣಿಯ ಸದ್ದಿನಲ್ಲಿ ಅದು ಬೇರೆ ಯಾರಿಗೂ ಕೇಳಿಸಲಿಲ್ಲ. ಬಾಕ್ಸರ್ ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವನು ಹೋಗಿ ಗಿರಣಿ ನಿಲ್ಲಿಸಿದ. ನಾಚಿಕೆಯಾಯಿತು. ಆದರೂ ಕಾಣದ ಕಣ್ಣಿನಿಂದ ಹಿಡಿದು ನಡೆದದ್ದನ್ನೆಲ್ಲ ಜನರ ಮುಂದೆ ಹೇಳಿದ. ಹೇಳುತ್ತ ಹೇಳುತ್ತ ದನಿ ಏರಿತು. ಯಾವ ಪಂದ್ಯದಲ್ಲೂ ಕಾಣದ ಸಂಭ್ರಮ ಮೈತುಂಬ ಹರಿಯಿತು. "ಇಂಥವನನ್ನು ಹೇಡಿ ಎಂದೆನಲ್ಲ! ನೋಡಿ, ಇವನನ್ನು ಕಣ್ತುಂಬ ನೋಡಿ!" ಎಂದು ಕೂಗಿ ಎದುರಾಳಿಯ ಕೈ ಹಿಡಿದು ಮೇಲೆತ್ತಿದ. ಜನ ಹಾಕಿದ ಕೇಕೆ ಬೀದಿಯ ತುದಿಗೂ ಕೇಳಿಸಿತು. ಆ ಮಧ್ಯಾಹ್ನ ಇಬ್ಬರೂ ಜೊತೆಗೆ ಕುಳಿತು ಉಂಡರು. ಬದುಕಿರುವವರೆಗೂ ಗೆಳೆಯರಾಗಿದ್ದರು.

ನಿರ್ವಾಣಯ್ಯನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. "ಹಾಗಾದರೆ ಗುರುಗಳೇ, ಅವರಿಬ್ಬರಲ್ಲಿ ಗೆದ್ದವನು ಯಾರು?"

"ಅದನ್ನು ಕೇಳಿಕೊಳ್ಳುವುದು ಅವರಿಬ್ಬರಿಗೂ ಮರೆತೇಹೋಯಿತು," ಎಂದರು ಗುರುಗಳು.