ಚಂದ್ರನ ಮೇಲಿನ ಕೆರೆ

ನದಿಯ ದಂಡೆಯ ಒಂದು ಆಶ್ರಮದಲ್ಲಿ ಶಾಂತವೀರಯ್ಯ ಎಂಬ ಗುರುಗಳಿದ್ದರು. ಅವರನ್ನು ಹುಡುಕಿಕೊಂಡು ಗಿರಿಮಲ್ಲ ಎಂಬ ಶಿಷ್ಯ ಬಂದ. ಭೌತಶಾಸ್ತ್ರ ಓದಿದವನು. ಸುಳ್ಳನ್ನು ಕಂಡರೆ ಅವನಿಗಾಗುತ್ತಿರಲಿಲ್ಲ.

ಗುರುಗಳು ಅವನಿಗೆ ಆಶ್ರಮದ ವಾಚನಾಲಯವನ್ನು ಒಪ್ಪಿಸಿದರು.

ಸುತ್ತಲಿನ ಊರುಗಳಿಂದ ಓದಲು ಬರುವವರೆಲ್ಲ ಅಲ್ಲಿ ಕೇಳುತ್ತಿದ್ದುದು ಒಂದೇ ಪುಸ್ತಕ. ವಿಮಾನವೇ ಇಲ್ಲದ ಕಾಲದಲ್ಲಿ ಯಾರೋ ಬರೆದ ಕಾದಂಬರಿ. ಮೂವರು ಗೆಳೆಯರು ತಾಮ್ರದ ಗೋಳದೊಳಗೆ ಕೂತು ಚಂದ್ರನಿಗೆ ಹಾರುತ್ತಾರೆ. ದಿಕ್ಕು ತಪ್ಪಿ ಅಲೆದು, ಕೊನೆಗೆ ಅಲ್ಲೊಂದು ಕೆರೆ ಕಾಣುತ್ತಾರೆ. ಎಷ್ಟು ಸಲ ಹೊಲಿದರೂ ಆ ಪುಸ್ತಕದ ಹಾಳೆಗಳು ಮತ್ತೆ ಬಿಚ್ಚಿಕೊಳ್ಳುತ್ತಿದ್ದವು.

ಗಿರಿಮಲ್ಲ ಅದನ್ನು ಓದಿ ನೊಂದುಕೊಂಡ. ಚಂದ್ರನ ಬಗ್ಗೆ ಒಳ್ಳೆಯ ಹೊಸ ಪುಸ್ತಕವೊಂದನ್ನು ತರಿಸಿ ಪಕ್ಕದಲ್ಲೇ ಇಟ್ಟ. ಅದನ್ನು ಯಾರೂ ಮುಟ್ಟಲಿಲ್ಲ.

ಒಂದು ಮಧ್ಯಾಹ್ನ ಅವನ ತಾಳ್ಮೆ ಕೆಟ್ಟಿತು. ಕೆರೆಯ ವರ್ಣನೆಯಿದ್ದ ಪುಟಕ್ಕೆ ಪೂರ್ತಿ ಕಪ್ಪು ಶಾಯಿ ಬಳಿದುಬಿಟ್ಟ.

ಮರುದಿನ ಹಾಲಮ್ಮ ಬಂದರು. ಊರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಪುಸ್ತಕ ತೆರೆದು, ಆ ಪುಟದ ಮೇಲೆ ಕೈಯಾಡಿಸಿದರು. ಅದನ್ನು ಗುರುಗಳ ಮುಂದಿಟ್ಟು ಹೊರಟುಹೋದರು.

ಗುರುಗಳು ಶಿಷ್ಯನನ್ನು ಕರೆದರು.

"ಇದು ನೀನು ಮಾಡಿದ್ದೇ?"

"ಹೌದು ಗುರುಗಳೇ. ಚಂದ್ರನ ಮೇಲೆ ಕೆರೆಯಿಲ್ಲ. ಸುಳ್ಳನ್ನು ಜನರ ಕೈಗೆ ಕೊಡಲು ಮನಸ್ಸು ಒಪ್ಪಲಿಲ್ಲ."

"ಕೆರೆಯಿಲ್ಲ ಅನ್ನುವುದು ಹಾಲಮ್ಮನಿಗೆ ಗೊತ್ತಿಲ್ಲವೇ?"

ಗಿರಿಮಲ್ಲ ಅದನ್ನು ಯಾರನ್ನೂ ಕೇಳಿರಲಿಲ್ಲ.

"ಆ ಪುಟವನ್ನು ಮತ್ತೆ ಬರೆದು ಸೇರಿಸು," ಎಂದರು ಗುರುಗಳು.

"ಬೇರೆ ಪ್ರತಿ ಎಲ್ಲೂ ಸಿಗುವುದಿಲ್ಲ. ಅದರಲ್ಲಿದ್ದ ಮಾತು ನನಗೆ ನೆನಪಿಲ್ಲ."

"ಓದಿದವರು ಇದ್ದಾರಲ್ಲ. ಕೇಳಿಕೊಂಡು ಬಾ."

ಗಿರಿಮಲ್ಲ ತಲೆ ತಗ್ಗಿಸಿಕೊಂಡು ಹಾಲಮ್ಮನ ಬಾಗಿಲಿಗೆ ಹೋದ. ಬೈಗುಳ ಕಾದಿದೆ ಅಂದುಕೊಂಡಿದ್ದ. ಅವರು ಚಾಪೆ ಹಾಸಿ, ಮಜ್ಜಿಗೆ ತಂದುಕೊಟ್ಟರು.

"ಅಲ್ಲಿ ನೀರಿಲ್ಲ ಅಂತ ನನಗೂ ಗೊತ್ತಪ್ಪ," ಎಂದರು. "ಮನುಷ್ಯ ಚಂದ್ರನ ಮೇಲೆ ಇಳಿದ ಸುದ್ದಿ ರೇಡಿಯೋದಲ್ಲಿ ಬಂದಾಗ ನಾನು ಡ್ಯೂಟಿಯಲ್ಲಿದ್ದೆ. ಬರೀ ಧೂಳು ಅಂದರು. ಮನೆಗೆ ಬಂದು ಮತ್ತೆ ಈ ಪುಸ್ತಕವನ್ನೇ ಹಿಡಿದು ಕೂತೆ."

"ಯಾಕಮ್ಮ?"

"ಆ ಮೂವರಿಗೆ ಬಾಯಾರಿತ್ತಲ್ಲ."

ಆಮೇಲೆ ಅವರು ಕೆರೆಯ ಕಥೆ ಹೇಳಿದರು. ನೀರು ಎಳೆ ಚಿಗುರಿನ ಬಣ್ಣದ್ದು. ಮೂವರಲ್ಲಿ ಕಿರಿಯವನು ಹೆದರುತ್ತ ಬೊಗಸೆ ಹಿಡಿಯುತ್ತಾನೆ, ಉಳಿದಿಬ್ಬರು ಅವನ ಮುಖವನ್ನೇ ನೋಡುತ್ತಿರುತ್ತಾರೆ.

ಅಲ್ಲಿಂದ ಅವನು ದರ್ಜಿ ಖಾದರ್ ಸಾಹೇಬರ ಅಂಗಡಿಗೆ ಹೋದ. ಅವರು ಹೊಲಿಗೆ ಯಂತ್ರ ನಿಲ್ಲಿಸಿ ಕನ್ನಡಕ ತೆಗೆದರು.

"ಹಸಿರು ನೀರೇ? ಯಾರು ಹೇಳಿದ್ದು? ಬೆಳ್ಳಿಯ ಹಾಗಿತ್ತು ಸ್ವಾಮಿ. ಅದರಲ್ಲಿ ನಮ್ಮ ಭೂಮಿ ಪೂರ್ತಿ ಕಾಣುತ್ತಿತ್ತು. ಒಬ್ಬ ಬಗ್ಗಿ ನೋಡಿ, ನಮ್ಮ ಮನೆ ಇಲ್ಲೇ ಎಲ್ಲೋ ಇರಬೇಕು ಅಂತಾನೆ."

ಹೇಳುತ್ತ ಹೇಳುತ್ತ ಸಾಹೇಬರ ದನಿ ಸಣ್ಣದಾಯಿತು. ಗಿರಿಮಲ್ಲ ಬರೆದುಕೊಳ್ಳುವುದನ್ನು ಮರೆತು ಕೇಳುತ್ತ ಕೂತ.

ಊರೆಲ್ಲ ಸುತ್ತಿ, ಹೊತ್ತು ಇಳಿಯುವಾಗ ಆಶ್ರಮಕ್ಕೆ ಮರಳಿದ. ಗುರುಗಳು ನದಿಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು.

"ಗುರುಗಳೇ, ಒಬ್ಬರು ಹೇಳಿದ್ದಕ್ಕೂ ಇನ್ನೊಬ್ಬರು ಹೇಳಿದ್ದಕ್ಕೂ ತಾಳೆಯಾಗುವುದಿಲ್ಲ. ಯಾರ ಮಾತು ಬರೆಯಲಿ?"

"ಪುಸ್ತಕವನ್ನು ನೀನೂ ಓದಿದ್ದೆಯಲ್ಲ."

"ಓದುವಾಗ ತಪ್ಪನ್ನಷ್ಟೇ ನೋಡಿದೆ. ನೀರನ್ನು ನೋಡಲಿಲ್ಲ."

"ಈಗ?"

ಗಿರಿಮಲ್ಲ ನದಿಯ ಕಡೆ ನೋಡಿದ.

"ಈಗ ಕಾಣುತ್ತಿದೆ," ಎಂದ ಮೆಲ್ಲಗೆ. "ಆದರೆ ಅದು ಹಾಲಮ್ಮ ಹೇಳಿದ್ದಲ್ಲ, ಸಾಹೇಬರು ಹೇಳಿದ್ದೂ ಅಲ್ಲ. ನೀರು ಕಪ್ಪಗಿದೆ. ಅಲೆಯೇ ಇಲ್ಲ. ಮೂವರೂ ದಡದಲ್ಲಿ ನಿಂತಿದ್ದಾರೆ. ನಾನೂ ನಿಂತಿದ್ದೇನೆ. ಇದನ್ನು ಹೇಗೆ ಬರೆಯುವುದು ಗುರುಗಳೇ, ಇದು ಪುಸ್ತಕದಲ್ಲಿ ಇದ್ದದ್ದಲ್ಲ."

ಗುರುಗಳು ಕಾಲು ಮೇಲೆಳೆದುಕೊಂಡು, ಅವನ ಹತ್ತಿರಕ್ಕೆ ಸರಿದು ಕೂತರು.

"ಬರೆಯುವುದು ಆಮೇಲಾಯಿತು. ಆ ನೀರು ಎಷ್ಟು ಆಳವಿದೆ, ಹೇಳು."